ಚರ್ಮದ ಕೆಳಗೆ ಇಣುಕುವ ಬೆಳಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಸೂಜಿ ಚುಚ್ಚದೆ, ಎಕ್ಸ್-ರೇ ಹಾಯಿಸದೆ, ಬರಿಯ ಬೆಳಕಿನಿಂದ ಜೀವಂತ ದೇಹದ ಒಳಭಾಗವನ್ನು ನೋಡುವ ವಿಧಾನಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ಕಣ್ಣಿನ ಸ್ಕ್ಯಾನ್ ಕುರಿತವೇ ಹೆಚ್ಚು. ಉಳಿದವುಗಳಲ್ಲಿ ಕೆಲವು ಕುತೂಹಲದಿಂದ, ಕೆಲವು ಮನೆಯವರ ಕಾಯಿಲೆಯ ಆತಂಕದಿಂದ ಬರೆದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟರೆ ಬೆರಳು ಕೆಂಡದಂತೆ ಕೆಂಪಾಗಿ ಹೊಳೆಯುತ್ತದೆ. ಬೆಳಕು ಬೆರಳನ್ನು ದಾಟಿ ಬರುತ್ತದೆ ಎಂದಾದರೆ ಒಳಗಿನ ಮೂಳೆ ಏಕೆ ಕಾಣುವುದಿಲ್ಲ ಎಂದು ನನ್ನ ಎಂಟನೆಯ ತರಗತಿಯ ವಿದ್ಯಾರ್ಥಿನಿ ಕೇಳಿದಳು. ನನಗೆ ಸರಿಯಾಗಿ ಹೇಳಲು ಆಗಲಿಲ್ಲ.
– ಪ್ರೌಢಶಾಲಾ ಶಿಕ್ಷಕರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ವಿದ್ಯಾರ್ಥಿನಿ ಕೇಳಿರುವುದು ಈ ವಿಜ್ಞಾನದ ಮೂಲಪ್ರಶ್ನೆಯನ್ನೇ. ಅದಕ್ಕೆ ಉತ್ತರ ಹುಡುಕುತ್ತಲೇ ಮುಂದೆ ನಾನು ಹೇಳಲಿರುವ ಎಲ್ಲ ಉಪಕರಣಗಳೂ ಹುಟ್ಟಿದವು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬೆಳಕು ದೇಹದೊಳಗೆ ಹೋದಾಗ ಎರಡು ಸಂಗತಿಗಳು ನಡೆಯುತ್ತವೆ. ಒಂದು, ಅದರಲ್ಲಿ ಒಂದಷ್ಟು ಭಾಗ ಹೀರಲ್ಪಡುತ್ತದೆ. ರಕ್ತದ ಹಿಮೋಗ್ಲೋಬಿನ್ ನೀಲಿ, ಹಸಿರು, ಹಳದಿ ಬೆಳಕನ್ನು ಬಹಳ ಬಲವಾಗಿ ಹೀರಿಕೊಳ್ಳುತ್ತದೆ, ಕೆಂಪನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಆಮ್ಲಜನಕ ತುಂಬಿದ ರಕ್ತವು 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕನ್ನು ಹೀರುವ ಪ್ರಮಾಣ, 577 ನ್ಯಾನೋಮೀಟರಿನ ಹಳದಿ ಬೆಳಕನ್ನು ಹೀರುವ ಪ್ರಮಾಣದ ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಟಾರ್ಚಿನ ಬಿಳಿ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇದ್ದರೂ ಬೆರಳಿನ ಆಚೆಗೆ ಕೆಂಪು ಮಾತ್ರ ಉಳಿದು ಬರುವುದು ಇದರಿಂದ.

ಎರಡನೆಯದು ಚದುರುವಿಕೆ. ಮೂಳೆ ಕಾಣದಿರಲು ಇದೇ ಕಾರಣ. ಅಂಗಾಂಶವೆಂದರೆ ಗಾಜಿನಂತೆ ಒಂದೇ ಸಮನಾದ ವಸ್ತುವಲ್ಲ. ಜೀವಕೋಶದ ಪೊರೆ, ಕೋಶಕೇಂದ್ರ, ನಾರು, ಕೊಬ್ಬಿನ ಹನಿ ಹೀಗೆ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವ ಸೂಕ್ಷ್ಮ ರಚನೆಗಳು ಅದರಲ್ಲಿ ಕಿಕ್ಕಿರಿದಿವೆ. ಒಂದು ಬೆಳಕಿನ ಕಣವು ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸಾಗುವಷ್ಟರಲ್ಲಿ ಒಮ್ಮೆ ದಿಕ್ಕು ಬದಲಿಸುತ್ತದೆ. ಒಂದು ಮಿಲಿಮೀಟರ್ ದಾಟುವ ಹೊತ್ತಿಗೆ ತಾನು ಯಾವ ಕಡೆಯಿಂದ ಹೊರಟಿದ್ದೆ ಎಂಬುದರ ಗುರುತೇ ಅದಕ್ಕೆ ಉಳಿದಿರುವುದಿಲ್ಲ. ಆಗುಂಬೆ ಘಾಟಿಯಲ್ಲಿ ದಟ್ಟ ಮಂಜು ಕವಿದಾಗ ಎದುರಿನ ಬಸ್ಸಿನ ದೀಪದ ಬೆಳಕು ನಿಮ್ಮನ್ನು ತಲುಪುತ್ತದೆ, ಆದರೆ ಬಸ್ಸಿನ ಆಕಾರ ಕಾಣುವುದಿಲ್ಲವಲ್ಲ, ಬೆರಳಿನೊಳಗೆ ನಡೆಯುವುದೂ ಅದೇ. ಮೂಳೆಯೂ ಬೆಳಕನ್ನು ಪೂರ್ತಿ ತಡೆಯುವುದಿಲ್ಲ, ಅದು ಕೂಡ ಚದುರಿಸುತ್ತದೆ ಅಷ್ಟೇ. ಎಕ್ಸ್-ರೇ ಹೀಗೆ ಅಲೆದಾಡದೆ ಬಹುಮಟ್ಟಿಗೆ ನೇರವಾಗಿ ಹಾದುಹೋಗುತ್ತದೆ. ಮೂಳೆಯ ಕ್ಯಾಲ್ಸಿಯಂ ಅದನ್ನು ಹೆಚ್ಚು ಹೀರುವುದರಿಂದ ಅಂಚು ಸ್ಪಷ್ಟವಾದ ನೆರಳು ಮೂಡುತ್ತದೆ.

ಇನ್ನೊಂದು ಮಾತನ್ನೂ ಮಕ್ಕಳಿಗೆ ಹೇಳಬಹುದು. ಸುಮಾರು 650ರಿಂದ 950 ನ್ಯಾನೋಮೀಟರ್ ವರೆಗಿನ ಕೆಂಪು ಮತ್ತು ಅವಕೆಂಪು (ಕೆಂಪಿನ ಆಚೆಗಿನ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್) ಬೆಳಕು ದೇಹದಲ್ಲಿ ಅತ್ಯಂತ ಕಡಿಮೆ ಹೀರಲ್ಪಡುತ್ತದೆ. ಅದಕ್ಕಿಂತ ಕೆಳಗಿನ ತರಂಗಾಂತರಗಳನ್ನು ರಕ್ತ ಹೀರುತ್ತದೆ, ಮೇಲಿನವನ್ನು ನೀರು ಹೀರುತ್ತದೆ. ನಡುವೆ ಉಳಿದ ಈ ಕಿರಿದಾದ ಕಿಟಕಿಯ ಮೂಲಕವೇ ವೈದ್ಯವಿಜ್ಞಾನ ದೇಹದೊಳಗೆ ಇಣುಕಬೇಕು. ತರಗತಿಯಲ್ಲಿ ತೋರಿಸಬೇಕೆಂದರೆ ಒಂದು ಗಾಜಿನ ಲೋಟದ ನೀರಿನ ಹಿಂದೆ ಪೆನ್ಸಿಲ್ ಇಟ್ಟು, ನೀರಿಗೆ ಒಂದೊಂದೇ ಹನಿ ಹಾಲು ಹಾಕುತ್ತಾ ಹೋಗಿ. ಹಾಲು ಬೆಳಕನ್ನು ಹೀರುವುದು ತೀರ ಕಡಿಮೆ, ಆದರೂ ಪೆನ್ಸಿಲ್ ಮರೆಯಾಗುತ್ತದೆ.

ಪ್ರಶ್ನೆ: ನನ್ನ ತಂದೆಗೆ 16 ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕಣ್ಣಿನ ವೈದ್ಯರು ಮೂರು ತಿಂಗಳಿಗೊಮ್ಮೆ ಓಸಿಟಿ ಸ್ಕ್ಯಾನ್ ಮಾಡಿಸಲು ಹೇಳುತ್ತಿದ್ದಾರೆ. ಸ್ಕ್ಯಾನ್ ಎಂದರೆ ವಿಕಿರಣವಲ್ಲವೇ, ಇಷ್ಟು ಸಲ ಮಾಡಿಸಿದರೆ ಇರುವ ದೃಷ್ಟಿಯೂ ಹೋಗುವುದಿಲ್ಲವೇ ಎಂದು ಮನೆಯಲ್ಲಿ ಎಲ್ಲರಿಗೂ ಭಯ. ಅದು ಏನು ಮಾಡುತ್ತದೆ ಎಂಬುದನ್ನು ತಿಳಿಸಿ.
– ಹಾಸನದಿಂದ ಒಬ್ಬ ಓದುಗರು (ಇದೇ ಅರ್ಥದ ಪತ್ರಗಳು ವಿಜಯಪುರ, ಉಡುಪಿ ಮತ್ತು ಮುಂಬೈಗಳಿಂದಲೂ ಬಂದಿವೆ)

ಉತ್ತರ: ಮೊದಲು ಭಯದ ಮಾತನ್ನೇ ಎತ್ತಿಕೊಳ್ಳುತ್ತೇನೆ. ಎಕ್ಸ್-ರೇ ಅಥವಾ ಸಿ.ಟಿ. ಸ್ಕ್ಯಾನಿನ ಒಂದೊಂದು ಕಣದಲ್ಲೂ ಹತ್ತಾರು ಸಾವಿರ ಇಲೆಕ್ಟ್ರಾನ್ ವೋಲ್ಟ್‌ಗಳಷ್ಟು ಶಕ್ತಿ ಇರುತ್ತದೆ. ಅಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತುಹಾಕಿ ವಂಶವಾಹಿಗೆ ಪೆಟ್ಟು ಕೊಡಲು ಅಷ್ಟು ಸಾಕು. ಓಸಿಟಿಯಲ್ಲಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಅಂದರೆ ಬೆಳಕಿನಿಂದ ಒಳಪದರಗಳ ಚಿತ್ರ ತೆಗೆಯುವ ವಿಧಾನ) ಬಳಸುವುದು ಸಾಮಾನ್ಯವಾಗಿ 840 ನ್ಯಾನೋಮೀಟರ್ ಆಸುಪಾಸಿನ ಅವಕೆಂಪು ಬೆಳಕು. ಅದರ ಒಂದು ಕಣದ ಶಕ್ತಿ ಸುಮಾರು ಒಂದೂವರೆ ಇಲೆಕ್ಟ್ರಾನ್ ವೋಲ್ಟ್ ಮಾತ್ರ. ಆ ಬೆಳಕಿಗೆ ಅಣುವನ್ನು ಒಡೆಯುವ ಸಾಮರ್ಥ್ಯವೇ ಇಲ್ಲ. ಕಣ್ಣಿಗೆ ತಲುಪುವ ಒಟ್ಟು ಬೆಳಕನ್ನೂ ಒಂದು ಮಿಲಿವ್ಯಾಟ್‌ಗಿಂತ ಕಡಿಮೆ ಇಟ್ಟಿರುತ್ತಾರೆ. ಆದ್ದರಿಂದ ನಿಮ್ಮ ತಂದೆಯವರ ಕಣ್ಣಿಗೆ ಅಪಾಯವಿರುವುದು ಸ್ಕ್ಯಾನ್ ಮಾಡಿಸುವುದರಿಂದಲ್ಲ, ಸ್ಕ್ಯಾನ್ ತಪ್ಪಿಸುವುದರಿಂದ. ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ.

ಇನ್ನು ಅದು ಕೆಲಸ ಮಾಡುವ ಬಗೆ. ಬಾವಿಗೆ ಕಲ್ಲು ಹಾಕಿ, ಸದ್ದು ಕೇಳಿಸುವವರೆಗೆ ಎಣಿಸಿ ನೀರು ಎಷ್ಟು ಆಳದಲ್ಲಿದೆ ಎಂದು ಅಂದಾಜು ಮಾಡುವುದು ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಗರ್ಭಿಣಿಯರಿಗೆ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲೂ ಹೀಗೆ ಸಮಯದಿಂದ ಆಳವನ್ನು ಅಳೆಯುತ್ತಾರೆ: ಧ್ವನಿ ಹೋಗಿ ಮಾರ್ದನಿಯಾಗಿ ಬರುವ ಸಮಯವನ್ನು ಅಳೆದರೆ ಯಾವ ಪದರ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಓಸಿಟಿ ಇದನ್ನೇ ಬೆಳಕಿನಿಂದ ಮಾಡುತ್ತದೆ. ತೊಡಕೇನೆಂದರೆ ಬೆಳಕು ಅತಿ ವೇಗಿ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗವನ್ನು ಅದು ಒಂದು ಸೆಕೆಂಡಿನ ಸುಮಾರು ಮೂವತ್ತು ಲಕ್ಷಕೋಟಿಯಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ದಾಟುತ್ತದೆ. ಅದನ್ನು ಅಳೆಯಬಲ್ಲ ಇಲೆಕ್ಟ್ರಾನಿಕ್ ಗಡಿಯಾರ ಇಲ್ಲ.

ಗಡಿಯಾರದ ಬದಲಿಗೆ ವಿಜ್ಞಾನಿಗಳು ಬೆಳಕಿನ ಅಲೆಗಳನ್ನೇ ಅಳತೆಗೋಲು ಮಾಡಿಕೊಂಡರು. ಬೆಳಕಿನ ಕಿರಣವನ್ನು ಎರಡಾಗಿ ಒಡೆದು ಒಂದನ್ನು ಕಣ್ಣಿಗೂ ಇನ್ನೊಂದನ್ನು ಗೊತ್ತಾದ ದೂರದಲ್ಲಿರುವ ಕನ್ನಡಿಗೂ ಕಳುಹಿಸುತ್ತಾರೆ. ಹಿಂದಿರುಗಿದ ಎರಡನ್ನೂ ಮತ್ತೆ ಕೂಡಿಸುತ್ತಾರೆ. ಬಳಸುವ ಬೆಳಕಿನಲ್ಲಿ ಹಲವು ತರಂಗಾಂತರಗಳು ಬೆರೆತಿರುವುದರಿಂದ, ಎರಡೂ ದಾರಿಗಳ ಉದ್ದ ಹೆಚ್ಚುಕಡಿಮೆ ಪೂರ್ತಿ ಸಮನಾಗಿದ್ದಾಗ ಮಾತ್ರ ಅಲೆಗಳು ಒಂದಕ್ಕೊಂದು ಕೂಡಿಕೊಂಡು ವ್ಯತಿಕರಣದ ಗುರುತು ಮೂಡುತ್ತದೆ. ಕನ್ನಡಿಯ ದೂರ ನಮಗೆ ಗೊತ್ತು. ಆದ್ದರಿಂದ ಕಣ್ಣಿನೊಳಗೆ ಬೆಳಕು ಯಾವ ಆಳದಿಂದ ಮರಳಿತು ಎಂಬುದೂ ಗೊತ್ತಾಗುತ್ತದೆ. ಈ ಏರ್ಪಾಟಿನ ಇನ್ನೊಂದು ಗುಣ ನನಗೆ ಬಹಳ ಮುಖ್ಯವೆನಿಸುತ್ತದೆ: ಒಳಗೆ ಅಲೆದಾಡಿ ದಾರಿ ಉದ್ದ ಮಾಡಿಕೊಂಡು ಬಂದ ಬೆಳಕು ಕನ್ನಡಿಯ ಬೆಳಕಿನೊಡನೆ ಹೊಂದುವುದಿಲ್ಲ, ಆದ್ದರಿಂದ ಬಹುಪಾಲು ತಾನಾಗಿಯೇ ಹೊರಗುಳಿಯುತ್ತದೆ. ಮೊದಲ ಪ್ರಶ್ನೆಯಲ್ಲಿ ಹೇಳಿದ ಮಂಜನ್ನು ಓಸಿಟಿ ಗೆಲ್ಲುವುದು ಹೀಗೆ. ಆದರೆ ದಾರಿ ತಪ್ಪದೆ ಮರಳುವ ಬೆಳಕು ಒಂದೆರಡು ಮಿಲಿಮೀಟರ್ ಆಳದ ನಂತರ ಉಳಿದಿರುವುದೇ ಇಲ್ಲವಾದ್ದರಿಂದ ಅದರ ನೋಟ ಅಲ್ಲಿಗೆ ನಿಲ್ಲುತ್ತದೆ.

ಕಣ್ಣಿನಲ್ಲಿ ಈ ಮಿತಿ ಅಡ್ಡಿಯಾಗುವುದಿಲ್ಲ. ಕಣ್ಣಿನ ಮುಂಭಾಗ ಪಾರದರ್ಶಕ. ನೋಡಬೇಕಾದ ಅಕ್ಷಿಪಟಲದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ, ರೆಟಿನಾ) ದಪ್ಪ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಇಂದಿನ ಯಂತ್ರಗಳು ಸುಮಾರು ಐದು ಮೈಕ್ರೋಮೀಟರ್ ಅಂತರದ ಪದರಗಳನ್ನು, ಅಂದರೆ ಕೂದಲೆಳೆಯ ದಪ್ಪದ ಹತ್ತನೆಯ ಒಂದು ಭಾಗಕ್ಕಿಂತಲೂ ಸೂಕ್ಷ್ಮವಾದ ಅಂತರವನ್ನು ಬಿಡಿಸಿ ತೋರಿಸುತ್ತವೆ. ಜೀವಂತ ವ್ಯಕ್ತಿಯ ಅಕ್ಷಿಪಟಲವನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಲು ಯಾರಿಂದ ಸಾಧ್ಯ? ಓಸಿಟಿಯ ಬೂದುಬಣ್ಣದ ಚಿತ್ರ ಹೆಚ್ಚುಕಡಿಮೆ ಅದನ್ನೇ ಮುಟ್ಟದೆ ಕೊಡುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಸಣ್ಣ ರಕ್ತನಾಳಗಳು ಸೋರಿ, ನೋಟದ ಕೇಂದ್ರವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿಕೊಂಡಾಗ ಆ ಊತವನ್ನು ಮೈಕ್ರೋಮೀಟರ್ ಲೆಕ್ಕದಲ್ಲಿ ಅಳೆಯಬಹುದು. ಕಣ್ಣಿಗೆ ಕೊಡುವ ಚುಚ್ಚುಮದ್ದು ಕೆಲಸ ಮಾಡುತ್ತಿದೆಯೇ, ಮುಂದಿನದು ಯಾವಾಗ ಬೇಕು ಎಂದು ತೀರ್ಮಾನಿಸುವುದು ಈ ಅಳತೆಯ ಮೇಲೆ. ನಿಮ್ಮ ತಂದೆಯವರನ್ನು ಮತ್ತೆ ಮತ್ತೆ ಕರೆಯುವುದು ಇದಕ್ಕಾಗಿಯೇ ಇರಬೇಕು. ಗ್ಲಾಕೋಮಾದಲ್ಲಿ ನರತಂತುಗಳ ಪದರ ತೆಳುವಾಗುವುದನ್ನೂ ಹೀಗೆಯೇ ಹಿಂಬಾಲಿಸುತ್ತಾರೆ.

ಈ ವಿಧಾನವನ್ನು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಜೇಮ್ಸ್ ಫುಜಿಮೊಟೊ, ಅವರ ವಿದ್ಯಾರ್ಥಿಯಾಗಿದ್ದ ಡೇವಿಡ್ ಹುವಾಂಗ್, ಎಂಜಿನಿಯರ್ ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದರು. 1993ರಲ್ಲಿ ಜೀವಂತ ಕಣ್ಣಿನ ಚಿತ್ರಗಳು ಬಂದವು. 1996ರಲ್ಲಿ ಮೊದಲ ಯಂತ್ರ ಮಾರುಕಟ್ಟೆಗೆ ಬಂತು. ಈ ಮೂವರಿಗೂ 2023ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಕೆಲವು ಎಚ್ಚರಿಕೆಗಳನ್ನು ಸೇರಿಸುತ್ತೇನೆ. ಮಾಮೂಲಿ ಓಸಿಟಿ ತೋರಿಸುವುದು ಅಕ್ಷಿಪಟಲದ ನಡುವಿನ ಭಾಗವನ್ನು ಮಾತ್ರ. ಅಂಚಿನಲ್ಲಿ ಹೊಸ ರಕ್ತನಾಳಗಳು ಬೆಳೆಯುತ್ತಿದ್ದರೆ ಅದು ಹೇಳುವುದಿಲ್ಲ, ಆದ್ದರಿಂದ ಪಾಪೆ ಹಿಗ್ಗಿಸಿ ಇಡೀ ಕಣ್ಣನ್ನು ನೋಡುವ ಪರೀಕ್ಷೆಗೆ ಅದು ಬದಲಿಯಲ್ಲ. ಕಣ್ಣಿನ ಪೊರೆ (ಕ್ಯಾಟರ್ಯಾಕ್ಟ್) ಬಹಳ ದಟ್ಟವಾಗಿದ್ದರೆ ಬೆಳಕು ಹಿಂಭಾಗ ತಲುಪದೆ ಚಿತ್ರ ಮಸುಕಾಗುತ್ತದೆ. ಪಾಪೆ ಹಿಗ್ಗಿಸುವ ಹನಿ ಹಾಕಿದ ದಿನ ಕೆಲವು ಗಂಟೆಗಳ ಕಾಲ ನೋಟ ಮಂಜಾಗಿರುತ್ತದೆ. ತಂದೆಯವರನ್ನು ಸ್ಕೂಟರ್ ಓಡಿಸಿಕೊಂಡು ಹೋಗಲು ಬಿಡಬೇಡಿ.

ಪ್ರಶ್ನೆ: ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಕೆಂಪು ಬೆಳಕಿದೆ, ಕೈಗಡಿಯಾರದಲ್ಲಿ ಹಸಿರು ಬೆಳಕಿದೆ. ಏಕೆ ಈ ವ್ಯತ್ಯಾಸ? ಕಪ್ಪು ಮೈಬಣ್ಣದವರಿಗೆ ಆಕ್ಸಿಮೀಟರ್ ತಪ್ಪು ತೋರಿಸುತ್ತದೆ ಎಂಬುದು ನಿಜವೇ?
– ರಾಯಚೂರಿನಿಂದ ಒಬ್ಬ ಗೃಹಿಣಿ

ಉತ್ತರ: ಮೊದಲನೆಯದಕ್ಕೆ ಉತ್ತರ ಚಿಕ್ಕದು. ಹಸಿರನ್ನು ರಕ್ತ ಬಲವಾಗಿ ಹೀರುವುದರಿಂದ, ಚರ್ಮದ ಮೇಲ್ಪದರದ ನಾಳಗಳಲ್ಲಿ ಪ್ರತಿ ಮಿಡಿತಕ್ಕೂ ರಕ್ತ ಹೆಚ್ಚುಕಡಿಮೆಯಾಗುವುದು ಹಸಿರಿನಲ್ಲಿ ಎದ್ದು ಕಾಣುತ್ತದೆ. ನಾಡಿ ಎಣಿಸಲು ಅಷ್ಟು ಸಾಕು. ಆಮ್ಲಜನಕ ಅಳೆಯಲು ಎರಡು ಬಣ್ಣ ಬೇಕು. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ 660 ನ್ಯಾನೋಮೀಟರಿನ ಕೆಂಪನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ತುಂಬಿದ್ದು 940 ನ್ಯಾನೋಮೀಟರಿನ ಅವಕೆಂಪನ್ನು ಹೆಚ್ಚು ಹೀರುತ್ತದೆ. ಮಿಡಿತದೊಂದಿಗೆ ಏರಿಳಿಯುವ ಭಾಗವನ್ನು ಮಾತ್ರ ಬೇರ್ಪಡಿಸಿ ಈ ಎರಡರ ಅನುಪಾತ ನೋಡಿದರೆ ಅಪಧಮನಿಯ ರಕ್ತದ ಲೆಕ್ಕ ಸಿಗುತ್ತದೆ ಎಂದು ಕಂಡುಕೊಂಡವರು ಜಪಾನಿನ ನಿಹಾನ್ ಕೊಹ್ಡೆನ್ ಕಂಪನಿಯಲ್ಲಿದ್ದ ಎಂಜಿನಿಯರ್ ಟಕುವೊ ಅವೊಯಾಗಿ, 1970ರ ದಶಕದ ಆರಂಭದಲ್ಲಿ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅವರ ಉಪಕರಣ ಇತ್ತು; ಆ ಸಾಂಕ್ರಾಮಿಕದ ಆರಂಭದಲ್ಲೇ, 2020ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಇದು ಚಿತ್ರ ತೆಗೆಯುವ ಉಪಕರಣವಲ್ಲ, ಒಂದು ಅಂಕಿಯನ್ನು ಕೊಡುವ ಉಪಕರಣ. ಆದರೆ ಬಣ್ಣಗಳಿಂದ ರಕ್ತದ ಸ್ಥಿತಿಯನ್ನು ಓದುವ ಇದೇ ತತ್ವ ಮುಂದಿನ ಉತ್ತರಗಳಲ್ಲೂ ಬರುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ, ಹೌದು. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆಕ್ಸಿಮೀಟರ್ ಶೇ. 92ರಿಂದ 96 ತೋರಿಸುತ್ತಿದ್ದರೂ ರಕ್ತಪರೀಕ್ಷೆಯಲ್ಲಿ ಆಮ್ಲಜನಕ ಶೇ. 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7 ಇದ್ದವು. ಚರ್ಮದ ಮೆಲನಿನ್ ಕೂಡ ಬೆಳಕನ್ನು ಹೀರುತ್ತದೆ, ಮತ್ತು ಆ ಹೀರುವಿಕೆ ಕೆಂಪು ಮತ್ತು ಅವಕೆಂಪುಗಳಿಗೆ ಒಂದೇ ಸಮನಾಗಿಲ್ಲ. ಉಪಕರಣವನ್ನು ಯಾರ ಬೆರಳುಗಳ ಮೇಲೆ ಹೊಂದಿಸಿದ್ದರೋ ಅವರಲ್ಲಿ ತಿಳಿಬಣ್ಣದವರೇ ಹೆಚ್ಚಿದ್ದರೆ ಉಳಿದವರ ಲೆಕ್ಕ ತಪ್ಪುವುದು ಸಹಜ. ನಮ್ಮಲ್ಲಿ ಬಹುಪಾಲು ಜನರ ಮೈಬಣ್ಣ ತಿಳಿಯಲ್ಲ. ಬೆಳಕಿನ ಯಾವುದೇ ಉಪಕರಣ ನಮ್ಮ ಆಸ್ಪತ್ರೆಗಳಿಗೆ ಬಂದರೂ, ಇದನ್ನು ನಮ್ಮಂಥ ಚರ್ಮದವರ ಮೇಲೆ ಪರೀಕ್ಷಿಸಲಾಗಿದೆಯೇ ಎಂದು ಖರೀದಿಸುವವರು ಕೇಳಲೇಬೇಕು. ಇದು ಸೌಜನ್ಯದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಮನೆಯಲ್ಲಿ ಬಳಸುವಾಗ ಒಂದು ಅಂಕಿಯನ್ನೇ ನೆಚ್ಚಬೇಡಿ. ಅದು ಇಳಿಯುತ್ತಾ ಹೋಗುತ್ತಿದೆಯೇ ಎಂದು ಗಮನಿಸಿ. ಉಗುರುಬಣ್ಣ, ಕಪ್ಪು ಮೆಹಂದಿ, ತಣ್ಣಗಾದ ಬೆರಳು ಇವೆಲ್ಲ ಅಳತೆಯನ್ನು ಕೆಡಿಸುತ್ತವೆ. ಉಸಿರಾಟ ಕಷ್ಟವಾಗುತ್ತಿದ್ದರೆ ಅಂಕಿ ಎಷ್ಟೇ ಇರಲಿ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನನಗೆ ಎಂಟನೆಯ ತಿಂಗಳ ಆರಂಭದಲ್ಲೇ ಹೆರಿಗೆಯಾಯಿತು. ಮಗು ಶಿಶು ನಿಗಾ ಘಟಕದಲ್ಲಿದ್ದಾಗ ತಂತ್ರಜ್ಞರೊಬ್ಬರು ಬಂದು ಕಣ್ಣಿಗೆ ಕ್ಯಾಮೆರಾ ತಾಗಿಸಿ ಚಿತ್ರ ತೆಗೆದರು. ಮಗು ಬಹಳ ಅತ್ತಿತು. ಮತ್ತೆ ಬರಲು ಹೇಳಿದ್ದಾರೆ. ಇದು ಅಗತ್ಯವೇ?
– ಕಲಬುರಗಿ ಜಿಲ್ಲೆಯಿಂದ ಒಬ್ಬ ತಾಯಿ

ಉತ್ತರ: ಅಗತ್ಯ. ಹೇಳಿದ ದಿನಕ್ಕೇ ಹೋಗಿ, ಒಂದು ವಾರವೂ ಮುಂದೂಡಬೇಡಿ.

ಅಕ್ಷಿಪಟಲದ ರಕ್ತನಾಳಗಳು ಹಿಂಭಾಗದಿಂದ ಅಂಚಿನ ಕಡೆಗೆ ಬೆಳೆಯುತ್ತಾ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಪೂರ್ತಿಯಾಗುತ್ತವೆ. ಬೇಗ ಹುಟ್ಟಿದ ಮಗುವಿನಲ್ಲಿ ಈ ಬೆಳವಣಿಗೆ ಅರ್ಧಕ್ಕೆ ನಿಂತು, ಆಮೇಲೆ ದಾರಿತಪ್ಪಿ ಬೆಳೆದು, ಅಕ್ಷಿಪಟಲವನ್ನೇ ಎಳೆದು ಕಳಚುವ ಸಾಧ್ಯತೆ ಇದೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ತಾಯಿಗೆ ಅನುಮಾನ ಬರುವ ಹೊತ್ತಿಗೆ ಚಿಕಿತ್ಸೆಯ ಕಾಲ ಮೀರಿರುತ್ತದೆ. ಆದ್ದರಿಂದ ನಮ್ಮ ದೇಶದಲ್ಲಿ 34 ವಾರಗಳಿಗಿಂತ ಮೊದಲು ಹುಟ್ಟಿದ ಅಥವಾ 2,000 ಗ್ರಾಂಗಿಂತ ಕಡಿಮೆ ತೂಕದ ಮಕ್ಕಳಿಗೆಲ್ಲ ಹುಟ್ಟಿದ 30 ದಿನಗಳೊಳಗೆ ಮೊದಲ ಪರೀಕ್ಷೆ ಆಗಬೇಕು, ಇನ್ನೂ ಚಿಕ್ಕ ಮಕ್ಕಳಿಗೆ ಅದಕ್ಕೂ ಮೊದಲು ಆಗಬೇಕು ಎಂಬ ನಿಯಮವಿದೆ. ಸಕಾಲದಲ್ಲಿ ಕಂಡರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿ ಉಳಿಸಬಹುದು.

ಈ ಪರೀಕ್ಷೆ ಮಾಡಬಲ್ಲ ತಜ್ಞರು ದೊಡ್ಡ ನಗರಗಳಲ್ಲಿದ್ದಾರೆ, ಮಕ್ಕಳು ಹುಟ್ಟುವುದು ಎಲ್ಲ ತಾಲ್ಲೂಕುಗಳಲ್ಲೂ. ಈ ಅಂತರವನ್ನು ಕರ್ನಾಟಕದಲ್ಲಿ ದಾಟಿದ ರೀತಿಯನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ‘ಕಿಡ್‌ರಾಪ್’ ಎಂಬ ಕಾರ್ಯಕ್ರಮ ಆರಂಭಿಸಿತು. ವೈದ್ಯರಲ್ಲದ, ಆದರೆ ಚೆನ್ನಾಗಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಅವರು ತೆಗೆದ ಚಿತ್ರಗಳನ್ನು ತಜ್ಞರು ದೂರದಿಂದಲೇ ನೋಡಿ ತೀರ್ಪು ಹೇಳುತ್ತಾರೆ. ಬೆಂಗಳೂರಿನದೇ ಆದ ಫೋರಸ್ ಹೆಲ್ತ್ ಕಂಪನಿ ನವಜಾತ ಶಿಶುಗಳಿಗೆಂದೇ ‘ತ್ರಿನೇತ್ರ ನಿಯೊ’ ಎಂಬ ಕ್ಯಾಮೆರಾವನ್ನೂ ರೂಪಿಸಿದೆ.

ಮಗು ಅಳುವುದು ರೆಪ್ಪೆಗಳನ್ನು ತೆರೆದಿಡುವ ಚಿಕ್ಕ ಸಾಧನದ ಕಿರಿಕಿರಿಯಿಂದ. ಮರಗಟ್ಟಿಸುವ ಹನಿ ಹಾಕಿರುತ್ತಾರೆ, ಕ್ಯಾಮೆರಾದ ತುದಿಗೂ ಕಣ್ಣಿಗೂ ನಡುವೆ ಜೆಲ್ ಇರುತ್ತದೆ, ಬಳಸುವುದು ಸಾಮಾನ್ಯ ಬೆಳಕು. ಅಳು ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ.

ಪ್ರಶ್ನೆ: ಮಹಿಳೆಯರ ಆರೋಗ್ಯ ಶಿಬಿರವೊಂದರಲ್ಲಿ, ಮುಟ್ಟದೆ, ನೋವಿಲ್ಲದೆ, ಅವಕೆಂಪು ಕಿರಣದಿಂದ ಸ್ತನ ಕ್ಯಾನ್ಸರ್ ಪತ್ತೆ ಮಾಡುತ್ತೇವೆ, ಮ್ಯಾಮೊಗ್ರಾಂ ಬೇಕಿಲ್ಲ ಎಂದು ಹೇಳಿದರು. ನನ್ನ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಆದರೆ ನನಗೆ ಗಂಟು ಕೈಗೆ ಸಿಗುತ್ತಿದೆ. ಏನು ಮಾಡಲಿ?
– ಹೆಸರು, ಊರು ಬೇಡವೆಂದು ಕೋರಿದ ಓದುಗರು

ಉತ್ತರ: ಈ ವಾರವೇ ಶಸ್ತ್ರಚಿಕಿತ್ಸಾ ತಜ್ಞರನ್ನು ಕಂಡು ಗಂಟನ್ನು ತೋರಿಸಿ. ಶಿಬಿರದ ವರದಿಯನ್ನು ನೋಡಿ ತಡ ಮಾಡಬೇಡಿ. ಬಹುಪಾಲು ಗಂಟುಗಳು ಕ್ಯಾನ್ಸರ್ ಆಗಿರುವುದಿಲ್ಲ, ಆದರೆ ಕೈಗೆ ಸಿಗುವ ಗಂಟನ್ನು ಪರೀಕ್ಷೆಯಿಲ್ಲದೆ ಬಿಡಬಾರದು. ಉಳಿದ ಓದುಗರಿಗಾಗಿ ಕಾರಣಗಳನ್ನು ಬರೆಯುತ್ತೇನೆ.

‘ಅವಕೆಂಪು’ ಎಂಬ ಒಂದೇ ಪದದಡಿ ಎರಡು ಬೇರೆ ಬೇರೆ ವಿಧಾನಗಳನ್ನು ಬೆರೆಸಿ ಹೇಳುವುದು ನಡೆಯುತ್ತಿದೆ. ಉಷ್ಣಚಿತ್ರಣದಲ್ಲಿ ಯಾವ ಬೆಳಕನ್ನೂ ದೇಹಕ್ಕೆ ಹಾಯಿಸುವುದಿಲ್ಲ; ಚರ್ಮ ತಾನೇ ಹೊರಸೂಸುವ, ಸುಮಾರು ಹತ್ತು ಮೈಕ್ರೋಮೀಟರ್ ತರಂಗಾಂತರದ ಶಾಖವನ್ನು ಕ್ಯಾಮೆರಾ ದಾಖಲಿಸುತ್ತದೆ. ಅದು ಹೇಳುವುದು ಚರ್ಮದ ಮೇಲ್ಮೈಯ ತಾಪವನ್ನು, ಆಳದ ಗಂಟನ್ನಲ್ಲ. ಇದು ಮ್ಯಾಮೊಗ್ರಾಂಗೆ ಬದಲಿಯಲ್ಲ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮತ್ತೆ ಮತ್ತೆ ಎಚ್ಚರಿಸಿದೆ. ಇನ್ನೊಂದು, ನಿಜವಾಗಿಯೂ ಸ್ತನದ ಮೂಲಕ ಕೆಂಪು ಬೆಳಕು ಹಾಯಿಸಿ ನೋಡುವುದು. ನ್ಯೂಯಾರ್ಕಿನ ಮ್ಯಾಕ್ಸ್ ಕಟ್ಲರ್ 1929ರಲ್ಲೇ ಇದನ್ನು ಮಾಡಿದ್ದರು. 1980ರ ದಶಕದಲ್ಲಿ ಮತ್ತೆ ಉತ್ಸಾಹ ಹುಟ್ಟಿ, ಮ್ಯಾಮೊಗ್ರಾಂ ಜೊತೆಗಿಟ್ಟು ಹೋಲಿಸಿದಾಗ ಚಿಕ್ಕ ಗಂಟುಗಳನ್ನು ಅದು ಬಿಟ್ಟುಬಿಡುತ್ತದೆ ಎಂದು ಗೊತ್ತಾಯಿತು. ಆಗುಂಬೆಯ ಮಂಜನ್ನೇ ನೆನಪಿಸಿಕೊಳ್ಳಿ. ದೊಡ್ಡ ನೆರಳು ಕಂಡೀತು, ಆರಂಭದ ಹಂತದ ಚಿಕ್ಕ ಗಂಟು ಕಾಣದು. ಬೇಗ ಪತ್ತೆ ಮಾಡುವುದೇ ಉದ್ದೇಶವಾದಾಗ ಚಿಕ್ಕದನ್ನು ಕಾಣದ ಪರೀಕ್ಷೆಯಿಂದ ಏನು ಪ್ರಯೋಜನ? ಬೆಳಕು ದೇಹಕ್ಕೆ ಹಾನಿ ಮಾಡುವುದಿಲ್ಲ ಎಂಬುದು ನಿಜ, ಆದರೆ ‘ಏನೂ ಇಲ್ಲ’ ಎಂಬ ಸುಳ್ಳು ಭರವಸೆ ಮಾಡುವ ಹಾನಿಗೆ ಮಿತಿಯಿಲ್ಲ.

ಹಾಗೆಂದು ಈ ಕ್ಷೇತ್ರದಲ್ಲಿ ಭರವಸೆಯೇ ಇಲ್ಲ ಎನ್ನಲಾರೆ. ಬೆಳಕನ್ನು ಒಳಗೆ ಕಳುಹಿಸಿ ಧ್ವನಿಯನ್ನು ಹೊರಗೆ ಪಡೆಯುವ ಒಂದು ವಿಧಾನವಿದೆ. ವಸ್ತುವಿನ ಮೇಲೆ ಬೆಳಕನ್ನು ಬಿಟ್ಟುಬಿಟ್ಟು ಬೀಳಿಸಿದರೆ ಅದು ಸದ್ದು ಮಾಡುತ್ತದೆ ಎಂದು 1880ರಲ್ಲಿ ಗುರುತಿಸಿದವರು ಟೆಲಿಫೋನ್ ಖ್ಯಾತಿಯ ಅಲೆಗ್ಸಾಂಡರ್ ಗ್ರಹಾಂ ಬೆಲ್. ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗಗಳಷ್ಟು ಹೊತ್ತು ಲೇಸರ್ ಮಿಂಚಿದಾಗ ರಕ್ತ ಅದನ್ನು ಹೀರಿ ಒಂದು ಡಿಗ್ರಿಯ ಸಾವಿರದಲ್ಲಿ ಒಂದೆರಡು ಭಾಗದಷ್ಟು ಬಿಸಿಯಾಗಿ, ಹಿಗ್ಗಿ, ಕಿವಿಗೆ ಕೇಳಿಸದ ಧ್ವನಿಯನ್ನು ಹೊರಡಿಸುತ್ತದೆ. ಧ್ವನಿ ಅಂಗಾಂಶದಲ್ಲಿ ಬೆಳಕಿನಷ್ಟು ಚದುರುವುದಿಲ್ಲವಾದ್ದರಿಂದ ಕೆಲವು ಸೆಂಟಿಮೀಟರ್ ಆಳದ ರಕ್ತನಾಳಗಳೂ ಸ್ಪಷ್ಟವಾಗಿ ಮೂಡುತ್ತವೆ. ಇಂಥ ಒಂದು ಸ್ತನಪರೀಕ್ಷಾ ಯಂತ್ರಕ್ಕೆ 2021ರ ಜನವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಕೂಡ ಅಲ್ಟ್ರಾಸೌಂಡ್ ಜೊತೆಯಲ್ಲಿ, ಅನುಮಾನ ಬಂದ ಗಂಟನ್ನು ಇನ್ನಷ್ಟು ಪರಿಶೀಲಿಸಲು. ಊರೂರು ಸುತ್ತಿ ಎಲ್ಲರನ್ನೂ ತಪಾಸಣೆ ಮಾಡಲು ಅಲ್ಲ. ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಗಳಿಗೊಮ್ಮೆ ತರಬೇತಾದ ಆರೋಗ್ಯ ಕಾರ್ಯಕರ್ತರಿಂದ ಸ್ತನಪರೀಕ್ಷೆ ಮಾಡಿಸಬೇಕೆಂಬ ಕ್ರಮವಿದೆ. ಅದನ್ನು ಕೇಳಿ ಪಡೆಯಿರಿ.

ಪ್ರಶ್ನೆ: ಹೃದಯದ ಶಸ್ತ್ರಚಿಕಿತ್ಸೆಯ ನಂತರ ನನ್ನ ಮೊಮ್ಮಗಳ ಹಣೆಗೆ ಒಂದು ಪಟ್ಟಿ ಅಂಟಿಸಿ ಮಿದುಳಿನ ಆಮ್ಲಜನಕ ನೋಡುತ್ತಿದ್ದೇವೆ ಎಂದರು. ತಲೆಬುರುಡೆಯ ಒಳಗೆ ಬೆಳಕು ಹೋಗುವುದು ಸಾಧ್ಯವೇ?
– ಮೈಸೂರಿನಿಂದ ಒಬ್ಬ ನಿವೃತ್ತ ಅಧಿಕಾರಿ

ಉತ್ತರ: ಸಾಧ್ಯ. ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್, ತಲೆಯಲ್ಲಿ ನೀರು ತುಂಬಿ ಬುರುಡೆ ತೆಳುವಾಗಿದ್ದ ರೋಗಿಯೊಬ್ಬನ ತಲೆಯ ಹಿಂದೆ ಮೇಣದಬತ್ತಿ ಹಿಡಿದರೆ ಬೆಳಕು ಹಾದು ಬರುತ್ತಿದ್ದುದನ್ನು 1831ರಲ್ಲೇ ದಾಖಲಿಸಿದ್ದಾರೆ. ಸಾಮಾನ್ಯ ತಲೆಯ ವಿಷಯದಲ್ಲಿ ದಾರಿ ತೋರಿಸಿದವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೊಬ್ಸಿಸ್. ಅವಕೆಂಪು ಬೆಳಕು ಚರ್ಮ ಮತ್ತು ಮೂಳೆಯನ್ನು ದಾಟಿ ಮಿದುಳಿನ ಆಮ್ಲಜನಕದ ಸುದ್ದಿಯನ್ನು ಹೊರಗೆ ತರಬಲ್ಲದು ಎಂದು ಅವರು 1977ರಲ್ಲಿ ತೋರಿಸಿದರು.

ನಿಮ್ಮ ಮೊಮ್ಮಗಳ ಹಣೆಯ ಪಟ್ಟಿಯಲ್ಲಿ ಒಂದು ಕಡೆ ದೀಪ, ಕೆಲವು ಸೆಂಟಿಮೀಟರ್ ಆಚೆ ಬೆಳಕನ್ನು ಹಿಡಿಯುವ ಗ್ರಾಹಕ ಇರುತ್ತವೆ. ಒಳಹೊಕ್ಕ ಬೆಳಕಿನ ಒಂದು ಅತಿ ಚಿಕ್ಕ ಪಾಲು ಬಾಳೆಹಣ್ಣಿನ ಆಕಾರದ ಬಾಗಿದ ದಾರಿಯಲ್ಲಿ ಮಿದುಳಿನ ಹೊರಪದರವನ್ನು ಸವರಿ ಗ್ರಾಹಕಕ್ಕೆ ಮರಳುತ್ತದೆ. ಇಲ್ಲಿ ಚದುರಿದ ಬೆಳಕನ್ನು ಎಸೆಯುವುದಿಲ್ಲ, ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಓಸಿಟಿ ತಲುಪಲಾರದ ಆಳವನ್ನು ತಲುಪಬಹುದು, ಆದರೆ ಓಸಿಟಿಯ ಸ್ಪಷ್ಟತೆ ಸಿಗದು. ಮಿದುಳಿನ ಒಳಭಾಗದ ಸ್ಥಿತಿಯನ್ನು ಅದು ಹೇಳಲಾರದು. ಮಕ್ಕಳ ಬುರುಡೆ ತೆಳುವಾಗಿರುವುದರಿಂದ ದೊಡ್ಡವರಿಗಿಂತ ಮಕ್ಕಳಲ್ಲಿ ಇದು ಹೆಚ್ಚು ಉಪಯುಕ್ತ. ಎಂ.ಆರ್.ಐ. ಯಂತ್ರಕ್ಕೆ ಮಗುವನ್ನು ಒಯ್ಯಬೇಕು. ಈ ಪಟ್ಟಿ ಹಾಸಿಗೆಯ ಪಕ್ಕದಲ್ಲೇ ಗಂಟೆಗಟ್ಟಲೆ ಎಡೆಬಿಡದೆ ಕಾವಲು ಕಾಯುತ್ತದೆ. ಮೊಮ್ಮಗಳು ಬೇಗ ಗುಣಮುಖಳಾಗಲಿ.

ಪ್ರಶ್ನೆ: ರಾಮನ್ ಪರಿಣಾಮದಿಂದ ಕ್ಯಾನ್ಸರ್ ಪತ್ತೆ ಮಾಡಬಹುದೇ?
– ಭೌತಶಾಸ್ತ್ರದ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಂಶೋಧನೆಯಲ್ಲಿ ಹೌದು, ದಿನನಿತ್ಯದ ಚಿಕಿತ್ಸೆಯಲ್ಲಿ ಇನ್ನೂ ಸಾಮಾನ್ಯವಾಗಿಲ್ಲ. ಸಿ.ವಿ. ರಾಮನ್ 1928ರ ಫೆಬ್ರುವರಿ 28ರಂದು ಕಂಡದ್ದು ಚದುರಿದ ಬೆಳಕಿನಲ್ಲಿ ಬಣ್ಣ ಬದಲಿಸಿದ ಒಂದು ಅತ್ಯಲ್ಪ ಭಾಗವನ್ನು. ಆ ಬದಲಾವಣೆ ಅಣುವಿನ ಕಂಪನಕ್ಕೆ ತಕ್ಕಂತೆ ಇರುವುದರಿಂದ, ಒಂದೊಂದು ಅಣುವಿಗೂ ಬೆರಳಚ್ಚಿನಂತೆ ತನ್ನದೇ ಗುರುತು ಸಿಗುತ್ತದೆ. ಕ್ಯಾನ್ಸರ್ ಬಂದ ಅಂಗಾಂಶದಲ್ಲಿ ಪ್ರೋಟೀನು, ಕೊಬ್ಬು, ವಂಶವಾಹಿ ವಸ್ತುಗಳ ಪ್ರಮಾಣ ಬದಲಾಗುವುದರಿಂದ ಗುರುತೂ ಬದಲಾಗುತ್ತದೆ. ಕಷ್ಟವೆಂದರೆ, ಚದುರಿದ ಸುಮಾರು ಒಂದು ಕೋಟಿ ಕಣಗಳಲ್ಲಿ ಒಂದು ಮಾತ್ರ ಹೀಗೆ ಬದಲಾಗಿರುತ್ತದೆ, ಮತ್ತು ಅಂಗಾಂಶದ ಸ್ವಂತ ಪ್ರತಿದೀಪ್ತಿ (ಬೆಳಕು ಬಿದ್ದಾಗ ಅದು ತಾನೇ ಹೊರಸೂಸುವ ಹೊಳಪು) ಅದನ್ನು ಮುಳುಗಿಸಿಬಿಡುತ್ತದೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ನಡುವೆಯೇ ಕ್ಯಾನ್ಸರ್ ಅಂಚನ್ನು ಗುರುತಿಸಲು ರಾಮನ್ ತತ್ವದ ಕೈಸಾಧನವೊಂದನ್ನು ಬಳಸಿದ ವರದಿ 2015ರಲ್ಲಿ ಬಂತು. ನಮ್ಮಲ್ಲಿ ಹೊಗೆಸೊಪ್ಪು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಇಷ್ಟೊಂದು ಇರುವಾಗ, ಮತ್ತು ಬಾಯಿಯ ಒಳಪದರ ಬೆಳಕಿಗೆ ಸುಲಭವಾಗಿ ಸಿಗುವಾಗ, ನೀವು ಈ ದಾರಿಯಲ್ಲಿ ಓದು ಮುಂದುವರಿಸಿದರೆ ಮಾಡಲು ಬೇಕಾದಷ್ಟು ಕೆಲಸವಿದೆ.

ಪ್ರಶ್ನೆ: ನಮ್ಮ ಆಸ್ಪತ್ರೆಗೆ ರಕ್ತನಾಳ ತೋರಿಸುವ ಯಂತ್ರ ಬಂದಿದೆ. ಕೈಮೇಲೆ ಹಿಡಿದರೆ ನಾಳಗಳು ಗೆರೆಗಳಾಗಿ ಕಾಣುತ್ತವೆ. ಆದರೂ ಕೆಲವೊಮ್ಮೆ ಸೂಜಿ ತಪ್ಪುತ್ತದೆ. ಏಕೆ?
– ಶುಶ್ರೂಷಕಿ, ಗದಗ

ಉತ್ತರ: ನೀವು ಕಾಣುತ್ತಿರುವುದು ನಾಳವನ್ನಲ್ಲ, ನಾಳದ ಚಿತ್ರವನ್ನು. ಯಂತ್ರ ಅವಕೆಂಪು ಬೆಳಕು ಬೀರುತ್ತದೆ, ಸಿರೆಯ ರಕ್ತ ಅದನ್ನು ಹೀರಿ ಕಪ್ಪಾಗಿ ಕಾಣುತ್ತದೆ, ಕ್ಯಾಮೆರಾ ಅದನ್ನು ಹಿಡಿದು ಅದೇ ಚಿತ್ರವನ್ನು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮತ್ತೆ ಚರ್ಮದ ಮೇಲೆ ಮೂಡಿಸುತ್ತದೆ. ಯಂತ್ರವನ್ನು ಓರೆಯಾಗಿ ಅಥವಾ ಸೂಚಿಸಿದ ಎತ್ತರಕ್ಕಿಂತ ಹೆಚ್ಚುಕಡಿಮೆ ಹಿಡಿದರೆ ಗೆರೆ ನಾಳದ ಮೇಲೆ ಕೂರದೆ ಪಕ್ಕಕ್ಕೆ ಸರಿಯುತ್ತದೆ. ಸುಮಾರು ಒಂದು ಸೆಂಟಿಮೀಟರಿಗಿಂತ ಆಳದ ಸಿರೆಗಳು ಕಾಣುವುದೇ ಇಲ್ಲ. ಕಂಡ ಸಿರೆಯೂ ಎಷ್ಟು ಆಳದಲ್ಲಿದೆ, ಗಟ್ಟಿಯಾಗಿ ಮುಚ್ಚಿಹೋಗಿದೆಯೇ ಎಂಬುದನ್ನು ಗೆರೆ ಹೇಳುವುದಿಲ್ಲ. ಯಂತ್ರವನ್ನು ನೇರವಾಗಿ ಹಿಡಿದು ದಾರಿ ನೋಡಿಕೊಳ್ಳಿ, ಆಮೇಲೆ ಎಂದಿನಂತೆ ಬೆರಳಿನಿಂದ ಒತ್ತಿ ಸಿರೆ ಪುಟಿಯುತ್ತದೆಯೇ ಎಂದು ಪರೀಕ್ಷಿಸಿ, ನಂತರವೇ ಸೂಜಿ ಹಾಕಿ.